ಒಂದೇ 'ನನಗೆ', ಇಂಗ್ಲಿಷಿನಲ್ಲಿ ಎಷ್ಟೊಂದು ಜಾಗ

ಮಂಡ್ಯದಲ್ಲಿ ಸಂಜೆ ಹೊತ್ತು ನಾನು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯಿಂದ ಬರುವ ಮಕ್ಕಳೇ ಜಾಸ್ತಿ. ಮೊದಲ ದಿನ ಟೆನ್ಸ್ ಮುಟ್ಟುವುದೇ ಇಲ್ಲ. ಬೋರ್ಡ್ ಮೇಲೆ ಐದು ಕನ್ನಡ ಸಾಲು ಬರೆಯುತ್ತೇನೆ. ನನಗೆ ಹಸಿವಾಗಿದೆ. ನನಗೆ ಬೆಲ್ಲ ಕೊಡು. ನನಗೆ ಫೋನ್ ಮಾಡು. ನನಗೆ ಒಂದು ಟಿಕೆಟ್ ತಗೋ. ನನಗೆ ಈ ಲೆಕ್ಕ ವಿವರಿಸು.

ಐದರಲ್ಲೂ ಅದೇ 'ನನಗೆ' ಅಲ್ವಾ? ಈಗ ಇಂಗ್ಲಿಷ್ ನೋಡಿ. 'ಐ ಆಮ್ ಹಂಗ್ರಿ.' 'ಗಿವ್ ಮೀ ಸಮ್ ಜ್ಯಾಗರಿ.' 'ಕಾಲ್ ಮೀ.' 'ಗೆಟ್ ಎ ಟಿಕೆಟ್ ಫಾರ್ ಮೀ.' 'ಎಕ್ಸ್‌ಪ್ಲೇನ್ ದಿಸ್ ಸಮ್ ಟು ಮೀ.' ನಮ್ಮ ಒಂದು 'ನನಗೆ' ಅಲ್ಲಿ ಒಮ್ಮೆ 'ಐ' ಆಯಿತು, ಒಮ್ಮೆ ಬರೀ 'ಮೀ', ಒಮ್ಮೆ 'ಫಾರ್ ಮೀ', ಇನ್ನೊಮ್ಮೆ 'ಟು ಮೀ'. ಇದನ್ನು ತೀರ್ಮಾನಿಸುವುದು 'ನನಗೆ' ಅಲ್ಲ, ಪಕ್ಕದಲ್ಲಿರುವ ಕ್ರಿಯಾಪದ.

ಇದು ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಸ್ಕೂಲಿನಲ್ಲಿ ನಮಗೆ 'ಗೆ' ಅಂದರೆ 'ಟು', 'ಇಂದ' ಅಂದರೆ 'ಫ್ರಮ್', 'ಅಲ್ಲಿ' ಅಂದರೆ 'ಇನ್' ಅಂತ ಪಟ್ಟಿ ಬಾಯಿಪಾಠ ಮಾಡಿಸಿದ್ದರು. ಆ ಪಟ್ಟಿಯನ್ನು ನಂಬಿ ಎಷ್ಟೋ ವರ್ಷ 'ಐ ಆಸ್ಕ್ಡ್ ಟು ಹಿಮ್', 'ಐ ಟೋಲ್ಡ್ ಟು ಹರ್', 'ಐ ವೆಂಟ್ ಟು ಹೋಮ್' ಅಂತಲೇ ಮಾತಾಡಿದೆ. ಮೂರೂ ತಪ್ಪು. ಇವತ್ತಿಗೂ ಅದೇ ಪಟ್ಟಿಯನ್ನು ಅಚ್ಚು ಹಾಕಿ ಮಾರುತ್ತಾರೆ, ಮಕ್ಕಳು ಕಷ್ಟಪಟ್ಟು ಕೂಡಿಟ್ಟ ದುಡ್ಡು ಕೊಟ್ಟು ಕೊಳ್ಳುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಯಾಕೆ ಹೀಗಾಗುತ್ತದೆ ಅಂದರೆ, ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಂಡಿರುತ್ತದೆ. ಅಮ್ಮ ನನಗೆ ಬೆಲ್ಲ ಕೊಟ್ಟಳು ಅನ್ನಿ, ನನಗೆ ಬೆಲ್ಲ ಅಮ್ಮ ಕೊಟ್ಟಳು ಅನ್ನಿ, ಒತ್ತು ಬದಲಾಗಬಹುದು, ಕೊಟ್ಟವರು ಯಾರು ತಗೊಂಡವರು ಯಾರು ಅನ್ನುವುದು ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಜಾಗ ಮಾಡುತ್ತದೆ, ಜಾಗ ಸಾಲದೇ ಹೋದಾಗ ಪ್ರಿಪೊಸಿಷನ್, ಅಂದರೆ 'ಟು', 'ಫಾರ್' ತರಹದ ಪುಟ್ಟ ಪದ, ಬರುತ್ತದೆ. 'ಶಿ ಗೇವ್ ಮೀ ದಿ ಜ್ಯಾಗರಿ' ಅಂದಾಗ 'ಮೀ' ಕ್ರಿಯಾಪದಕ್ಕೆ ತಾಗಿಕೊಂಡೇ ಕೂತಿದೆ, ಅದಕ್ಕೇ 'ಟು' ಬೇಡ. ಬೆಲ್ಲ ಮೊದಲು ಬಂದು ಆ ಜಾಗ ಹಿಡಿದರೆ 'ಮೀ' ಹಿಂದಕ್ಕೆ ಸರಿಯುತ್ತದೆ, ಆಗ 'ಟು' ಬೇಕೇ ಬೇಕು: 'ಶಿ ಗೇವ್ ದಿ ಜ್ಯಾಗರಿ ಟು ಮೀ.'

ಎಲ್ಲ ಕ್ರಿಯಾಪದಕ್ಕೂ ಈ ಎರಡು ದಾರಿ ಇಲ್ಲ. ಗಿವ್, ಸೆಂಡ್, ಶೋ, ಟೆಲ್ ಇವಕ್ಕೆ ಇದೆ. ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ಸಜೆಸ್ಟ್, ಮೆನ್ಷನ್ ಇವಕ್ಕೆ 'ಟು' ಇರುವ ಒಂದೇ ದಾರಿ. ಹಳೆಯ ಚಿಕ್ಕ ಇಂಗ್ಲಿಷ್ ಪದಗಳು ಎರಡೂ ದಾರಿ ಹಿಡಿಯುವುದು ಜಾಸ್ತಿ, ಲ್ಯಾಟಿನ್ ಮೂಲದ ಉದ್ದ ಪದಗಳು ಕಡಿಮೆ. ಆದರೆ ಇದನ್ನು ಕಾನೂನು ಅಂದುಕೊಳ್ಳಬೇಡಿ. 'ಸೇ' ಚಿಕ್ಕ ಪದವೇ, ಆದರೂ 'ಸೇ ಮೀ' ಆಗುವುದಿಲ್ಲ, 'ಸೇ ಇಟ್ ಟು ಮೀ' ಅನ್ನಬೇಕು. ನಮ್ಮ ಮಕ್ಕಳ ಬಾಯಲ್ಲಿ ಅತಿ ಹೆಚ್ಚು ಕೇಳುವ ತಪ್ಪು 'ಎಕ್ಸ್‌ಪ್ಲೇನ್ ಮೀ'. 'ಟೆಲ್ ಮೀ' ಸರಿ ಇರುವಾಗ ಇದ್ಯಾಕೆ ಸರಿಯಿಲ್ಲ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಅರ್ಥ ಹತ್ತಿರ ಇದ್ದರೂ ಅವೆರಡರ ನಡವಳಿಕೆ ಬೇರೆ, ಅಷ್ಟೇ.

'ಟು' ಮತ್ತು 'ಫಾರ್' ಗೊಂದಲಕ್ಕೆ ನಾನು ಹೇಳುವ ಗುರುತು ಹೀಗಿದೆ. ಕೆಲಸ ಮುಗಿಯುವಾಗಲೇ ವಸ್ತು ಇನ್ನೊಬ್ಬರ ಕಡೆ ಹೋಗುತ್ತದಾ? ಹಾಗಾದರೆ 'ಟು'. ಅವರಿಗೋಸ್ಕರ ಮೊದಲು ಕೊಳ್ಳಬೇಕಾ, ಮಾಡಬೇಕಾ, ಹುಡುಕಬೇಕಾ? ಹಾಗಾದರೆ 'ಫಾರ್'. ಅಮ್ಮನಿಗೆ ಸೀರೆ ಕಳಿಸಿದೆ ಅನ್ನಲು 'ಟು ಮೈ ಮದರ್', ಅಮ್ಮನಿಗೆ ಸೀರೆ ಕೊಂಡೆ ಅನ್ನಲು 'ಫಾರ್ ಮೈ ಮದರ್'. ನೆನಪಿಡಿ, ಎರಡಕ್ಕೂ ಕನ್ನಡದಲ್ಲಿ 'ಗೆ'ನೇ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು, ಆದರೆ ಅದನ್ನು ಯಾರೂ ಹೇಳಿಕೊಡುವುದಿಲ್ಲ. ಕನ್ನಡದಲ್ಲಿ ಸರ್ವನಾಮ ಬಿಟ್ಟರೂ ನಡೆಯುತ್ತದೆ. ಬೀಗದ ಕೈ ಅವನಿಗೆ ಕೊಟ್ಟೆಯಾ? ಕೊಟ್ಟೆ. ಆ ಒಂದೇ ಪದದ ಕೊನೆಯಲ್ಲಿ 'ನಾನು' ಇದೆ, ಬೀಗದ ಕೈ, ಅವನು ಎಲ್ಲ ಮನಸ್ಸಿನಲ್ಲೇ ಇದೆ. ಇಂಗ್ಲಿಷಿನಲ್ಲಿ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು: 'ಐ ಗೇವ್ ಇಟ್ ಟು ಹಿಮ್.' ಮೈಸೂರಿನ ಹೆಬ್ಬಾಳದ ಕಡೆ ಇಂಟರ್ವ್ಯೂಗೆ ಹೋಗುವ ಹುಡುಗರನ್ನು ನಾನೇ ಎದುರಿಗೆ ಕೂರಿಸಿಕೊಂಡು, ಸರ್ಟಿಫಿಕೇಟ್ ತಂದಿದ್ದೀರಾ ಅಂತ ಇಂಗ್ಲಿಷಿನಲ್ಲಿ ಕೇಳುತ್ತೇನೆ. 'ಯೆಸ್ ಸರ್, ಐ ಬ್ರಾಟ್' ಅಂದು ನಿಲ್ಲಿಸುತ್ತಾರೆ. ಕೇಳುವವರ ಕಿವಿಗೆ ಅದು ಅರ್ಧಕ್ಕೇ ನಿಂತ ಮಾತು. 'ಐ ಬ್ರಾಟ್ ದೆಮ್' ಅನ್ನಬೇಕು. ಆ 'ದೆಮ್' ಬಾಯಿಗೆ ತಾನಾಗಿ ಬರಲು ಎರಡು ಮೂರು ವಾರ ಹಿಡಿಯುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಸರ್ವನಾಮದ ಜಾಗವೂ ಮುಖ್ಯ. ಗದ್ದೆಯ ಪಂಪ್ ಆಫ್ ಮಾಡು ಅನ್ನಲು 'ಸ್ವಿಚ್ ಆಫ್ ದಿ ಪಂಪ್', 'ಸ್ವಿಚ್ ದಿ ಪಂಪ್ ಆಫ್' ಎರಡೂ ಸರಿ. ಪಂಪ್ ಬದಲು 'ಇಟ್' ಹಾಕಿದರೆ ಒಂದೇ ದಾರಿ, 'ಸ್ವಿಚ್ ಇಟ್ ಆಫ್'. ಹೊಸ ವಿಷಯ, ತೂಕದ ಪದ ಕೊನೆಗೆ ಬಂದರೆ ಇಂಗ್ಲಿಷ್ ಕಿವಿಗೆ ಹಿತ. 'ಇಟ್' ಅಂದರೆ ಆಗಲೇ ಗೊತ್ತಿರುವ ವಿಷಯ, ಹಗುರವಾದ ಪದ, ಅದಕ್ಕೇ ಮಧ್ಯೆ ನುಸುಳುತ್ತದೆ. ಆದರೆ 'ಲುಕ್ ಆಫ್ಟರ್' ಅನ್ನು ಹೀಗೆ ಒಡೆಯುವ ಹಾಗಿಲ್ಲ. 'ಲುಕ್ ಆಫ್ಟರ್ ಇಟ್' ಅಂತಲೇ ಹೇಳಬೇಕು, ಯಾಕೆಂದರೆ ಅಲ್ಲಿ 'ಆಫ್ಟರ್' ನಿಜವಾದ ಪ್ರಿಪೊಸಿಷನ್, ತನ್ನ ಪದವನ್ನು ಮುಂದೆ ಇಟ್ಟುಕೊಂಡೇ ಇರುತ್ತದೆ.

ಹಾಗಾದರೆ ಕಲಿಯುವುದು ಹೇಗೆ? ಈ ಕಷ್ಟವನ್ನು ಎ. ಎಸ್. ಹಾರ್ನ್‌ಬಿ ಅನ್ನುವ ಇಂಗ್ಲಿಷ್ ಮೇಷ್ಟ್ರು ಜಪಾನಿನಲ್ಲಿ ಪಾಠ ಮಾಡುತ್ತಾ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಜಪಾನಿ ಭಾಷೆಯಲ್ಲೂ ನಮ್ಮ ಹಾಗೇ ಕ್ರಿಯಾಪದ ಕೊನೆಗೆ ಬರುತ್ತದೆ, 'ಗೆ' ತರಹದ ತುಣುಕು ಪದದ ನಂತರ ಬರುತ್ತದೆ. ಅವರೂ ಜೊತೆಗಾರರೂ 1942ರಲ್ಲಿ ಟೋಕಿಯೋದಲ್ಲಿ ತಂದ ನಿಘಂಟಿನಲ್ಲಿ ಅರ್ಥದ ಜೊತೆಗೆ ಕ್ರಿಯಾಪದ ಯಾವ ಪ್ಯಾಟರ್ನ್ ಹಿಡಿಯುತ್ತದೆ ಅನ್ನುವುದನ್ನೂ ಗುರುತು ಮಾಡಿ ಕೊಟ್ಟರು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮತ್ತೆ ಪ್ರಕಟಿಸಿತು. ಇವತ್ತು ಕಲಿಯುವವರಿಗಾಗಿ ಮಾಡಿರುವ ಒಳ್ಳೆಯ ನಿಘಂಟುಗಳು ಮೊಬೈಲಿನಲ್ಲೇ ಸಿಗುತ್ತವೆ. ಸುಮ್ನೆ ಅರ್ಥ ನೋಡಿ ಮುಚ್ಚಬೇಡಿ, ಅರ್ಥದ ಜೊತೆ ಕೊಟ್ಟಿರುವ ಪ್ಯಾಟರ್ನ್, ಉದಾಹರಣೆಯ ಸಾಲು ನೋಡಿ.

ನನ್ನ ಕ್ಲಾಸಿನಲ್ಲಿ ಎಲ್ಲರ ಹತ್ತಿರವೂ ಇದಕ್ಕೇ ಒಂದು ನೋಟ್‌ಬುಕ್ ಇದೆ. ಅದರಲ್ಲಿ 'ಎಕ್ಸ್‌ಪ್ಲೇನ್ = ವಿವರಿಸು' ಅಂತ ಬರೆಯಲು ಬಿಡುವುದಿಲ್ಲ. 'ಎಕ್ಸ್‌ಪ್ಲೇನ್ ಸಮ್‌ಥಿಂಗ್ ಟು ಸಮ್‌ಬಡಿ' ಅಂತ ಪೂರ್ತಿ ಬರೆದು, ಕೆಳಗೆ ತಮ್ಮ ಮನೆಯ ಮಾತಿನದೇ ಒಂದು ವಾಕ್ಯ ಸೇರಿಸಬೇಕು. ದಿನಕ್ಕೆ ಎರಡು ಕ್ರಿಯಾಪದ ಸಾಕು.