ಈಸ್ಟರ್ ಎಗ್: ಕಂಡದ್ದೆಲ್ಲ ಮೊಟ್ಟೆಯಲ್ಲ

‘ಸೈಬರ್‌ಪಂಕ್ 2077ರಲ್ಲಿ ನೀವು ಗಮನಿಸಿರದ 30 ಈಸ್ಟರ್ ಎಗ್‌ಗಳು’ ಅಂತ ಒಂದು ವಿಡಿಯೊ. ಕಳಿಸಿದವನು ಅಣ್ಣನ ಮಗ. ಸೈಬರ್‌ಪಂಕ್ ಒಂದು ವಿಡಿಯೊ ಗೇಮ್; ಈಸ್ಟರ್ ಎಗ್ ಅಂದರೆ ಆಟ ಮಾಡಿದವರು ಅದರೊಳಗೆ ಬಚ್ಚಿಟ್ಟ ಗುಟ್ಟು. ಪಟ್ಟಿಯಲ್ಲಿ ಮೊಟ್ಟಮೊದಲು ಇದ್ದದ್ದು ಹಾಲಿವುಡ್ ನಟ ಕಿಯಾನು ರೀವ್ಸ್. 2019ರಲ್ಲಿ ಇ3 ಎಂಬ ಗೇಮ್ ಮೇಳದ ವೇದಿಕೆಗೆ ಖುದ್ದು ಬಂದು ‘ನಾನೂ ಇದ್ದೇನೆ’ ಎಂದು ಸಾರಿದ ಮನುಷ್ಯ, ಅರ್ಧ ಆಟದುದ್ದಕ್ಕೂ ನಮ್ಮ ತಲೆಯೊಳಗೇ ಕೂತು ಮಾತಾಡುವ ಪಾತ್ರ. ಅವನನ್ನು ಗಮನಿಸದೆ ಇರಬೇಕಾದರೆ ಕಂಪ್ಯೂಟರನ್ನೇ ಆನ್ ಮಾಡಿರಬಾರದು.

ಸಿನಿಮಾ ಟ್ರೈಲರ್ ಬಂದಾಗಲೂ ಇದೇ ಕಥೆ. ಹಳೇ ಹಾಡಿನ ಒಂದು ಸಾಲು ಬಂದರೆ ಈಸ್ಟರ್ ಎಗ್, ನಿರ್ದೇಶಕ ಒಂದು ಫ್ರೇಮಿನಲ್ಲಿ ಕಂಡರೆ ಈಸ್ಟರ್ ಎಗ್, ನಾಯಕನ ಕಾರಿನ ನಂಬರೂ ಈಸ್ಟರ್ ಎಗ್. ಕ್ಯಾಮಿಯೋ (ಹೆಸರಾಂತರ ಕಿರುಪಾತ್ರ), ರೆಫರೆನ್ಸ್ (ಉಲ್ಲೇಖ), ಟ್ರಿಬ್ಯೂಟ್ (ಗೌರವಾರ್ಪಣೆ) ಅಂತ ಬೇರೆ ಬೇರೆ ಪದಗಳು ಇರುವುದೇ ಬೇರೆ ಬೇರೆ ವಸ್ತುಗಳಿಗಾಗಿ.

ಗೊಂದಲದ ಮೂಲ ಬೇಕರಿ ಎಂಬುದು ನನ್ನ ಗುಮಾನಿ. ಈಸ್ಟರ್ ಸಮಯದಲ್ಲಿ ಬೆಂಗಳೂರಿನ ಬೇಕರಿಗಳಲ್ಲಿ ಸಕ್ಕರೆ ಹೂ ಅಂಟಿಸಿದ ಮೊಟ್ಟೆಗಳನ್ನು ಇಟ್ಟಿರುತ್ತಾರೆ. ಒಡೆದರೆ ಒಳಗೆ ಮಿಠಾಯಿ. ಹಾಗಾಗಿ ‘ಒಳಗೇನೋ ಇದೆ, ಅದಕ್ಕೇ ಎಗ್’ ಎಂದುಕೊಳ್ಳುತ್ತೇವೆ. ಈ ಪದ ಹುಟ್ಟಿದ್ದು ಅಲ್ಲಿಂದಲ್ಲ. ಈಸ್ಟರ್ ದಿನ ದೊಡ್ಡವರು ಬಣ್ಣ ಬಳಿದ ಮೊಟ್ಟೆಗಳನ್ನು ಬೇಲಿಯ ಸಂದಿ, ಹೂಕುಂಡದ ಹಿಂದೆ, ಹುಲ್ಲಿನ ನಡುವೆ ಬಚ್ಚಿಡುತ್ತಾರೆ. ಮಕ್ಕಳು ಬುಟ್ಟಿ ಹಿಡಿದು ಹುಡುಕುತ್ತಾರೆ. ಮೊಟ್ಟೆಯೊಳಗೆ ಏನನ್ನೂ ಅಡಗಿಸಿಲ್ಲ, ಮೊಟ್ಟೆಯನ್ನೇ ಅಡಗಿಸಿದ್ದಾರೆ. ಪದದ ಜೀವ ಇರುವುದು ಹುಡುಕಾಟದಲ್ಲಿ. ಬಚ್ಚಿಟ್ಟವರಿಗೂ ಅದು ಸಿಗಲಿ ಎಂಬ ಆಸೆ ಇರುತ್ತದೆ, ಸುಲಭವಾಗಿ ಸಿಗದಿರಲಿ ಎಂಬ ತುಂಟತನವೂ ಇರುತ್ತದೆ.

ವಿಡಿಯೊ ಗೇಮಿಗೆ ಈ ಹೆಸರು ಅಂಟಿದ್ದು ಅಟಾರಿ ಕಂಪನಿಯಲ್ಲಿ. ಆಗ ಅಟಾರಿ ತನ್ನ ಆಟಗಳ ಮೇಲೆ ಬರೆದವರ ಹೆಸರು ಹಾಕುತ್ತಿರಲಿಲ್ಲ. ವಾರೆನ್ ರಾಬಿನೆಟ್ ಎಂಬ ಪ್ರೋಗ್ರಾಮರ್‌ಗೆ ಇದು ಸರಿಬರಲಿಲ್ಲ. ತಾನು ಬರೆದ ‘ಅಡ್ವೆಂಚರ್’ನಲ್ಲಿ ಯಾರಿಗೂ ಹೇಳದೆ ಒಂದು ಗುಪ್ತ ಕೋಣೆ ಕಟ್ಟಿದ. ಅಲ್ಲಿಗೆ ಹೋಗಬೇಕಾದರೆ ಕಪ್ಪು ಕೋಟೆಯ ಚಕ್ರವ್ಯೂಹದಲ್ಲಿ ಒಂದೇ ಒಂದು ಚುಕ್ಕೆ ಹುಡುಕಬೇಕು. ಚುಕ್ಕೆಯ ಬಣ್ಣವೂ ಹಿನ್ನೆಲೆಯ ಬಣ್ಣವೂ ಒಂದೇ ಬೂದು. ಅದನ್ನು ಹೊತ್ತು ಇನ್ನೊಂದು ಕಡೆಯ ಗೋಡೆಯ ಬಳಿ ತಂದರೆ ದಾಟಲು ದಾರಿಯಾಗುತ್ತದೆ. ಒಳಗೆ ಬಣ್ಣ ಬದಲಿಸುತ್ತ ಮಿನುಗುವ ಅಕ್ಷರಗಳು: ಇದನ್ನು ಮಾಡಿದವನು ವಾರೆನ್ ರಾಬಿನೆಟ್. ಅದು ಬಯಲಾಗುವ ಹೊತ್ತಿಗೆ ಆತ ಕೆಲಸ ಬಿಟ್ಟಾಗಿತ್ತು. 1980ರಲ್ಲಿ ಒಬ್ಬ ಹುಡುಗ ಕಂಡುಹಿಡಿದು ಕಂಪನಿಗೇ ಕಾಗದ ಬರೆದ. ಅಳಿಸಿ ಹಾಕೋಣವೆಂದರೆ ಆಟ ಅಡಕವಾಗಿದ್ದ ಕಂಪ್ಯೂಟರ್ ಚಿಪ್ ಅನ್ನು ಹೊಸದಾಗಿ ಮಾಡಿಸುವ ಖರ್ಚು. ಆಗ ಅಲ್ಲಿನ ಮೇಲಧಿಕಾರಿ ಸ್ಟೀವ್ ರೈಟ್, ಇರಲಿ ಬಿಡಿ, ಆಡುವವರಿಗೆ ಇದು ಈಸ್ಟರ್ ಮೊಟ್ಟೆ ಹುಡುಕಿದ ಹಾಗೆ, ಎಂಬರ್ಥದಲ್ಲಿ ಹೆಸರಿಟ್ಟ. ಇದಕ್ಕಿಂತ ಮುಂಚಿನ ಆಟಗಳಲ್ಲೂ ಗುಟ್ಟಾಗಿ ಹೆಸರು ಬರೆದವರಿದ್ದಾರೆ. ಪದ ಸಿಕ್ಕಿದ್ದು ಮಾತ್ರ ಇಲ್ಲಿಂದ.

ಬಚ್ಚಿಟ್ಟದ್ದು ಏನು ಎಂಬುದನ್ನೂ ನೋಡಿ. ಅದು ಬೇರೆ ಯಾವುದೋ ಸಿನಿಮಾದ ನೆನಪಲ್ಲ, ಮಾಡಿದವನ ಸಹಿ. ಅಂದರೆ ಈಸ್ಟರ್ ಎಗ್ ಆಗಲು ಇನ್ನೊಂದು ಕೃತಿಯ ಉಲ್ಲೇಖ ಇರಲೇಬೇಕೆಂದಿಲ್ಲ. ಉಲ್ಲೇಖವಿದ್ದ ಮಾತ್ರಕ್ಕೆ ಈಸ್ಟರ್ ಎಗ್ ಆಗುವುದೂ ಇಲ್ಲ.

ಈಗ ಪಟ್ಟಿಗೆ ಬರೋಣ. ಜಾನಿ ಸಿಲ್ವರ್‌ಹ್ಯಾಂಡ್ (ಕಿಯಾನು ವಹಿಸಿದ ಪಾತ್ರ), ಅರಸಾಕ ಎಂಬ ಕಂಪನಿ, ನೈಟ್ ಸಿಟಿ ಎಂಬ ಊರು ಇವೆಲ್ಲ ‘ಹಳೆಯ ಬೋರ್ಡ್ ಗೇಮಿಗೆ ಈಸ್ಟರ್ ಎಗ್’ ಅಂತೆ. ಮೊದಲನೆಯದಾಗಿ ಅದು ಬೋರ್ಡ್ ಗೇಮ್ ಅಲ್ಲ. ಮೈಕ್ ಪಾಂಡ್‌ಸ್ಮಿತ್ 1988ರಲ್ಲಿ ತಂದ, ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟ. ಎರಡನೆಯದಾಗಿ ಇಡೀ ವಿಡಿಯೊ ಗೇಮ್ ನಿಂತಿರುವುದೇ ಅದರ ಮೇಲೆ. ರನ್ನನ ಗದಾಯುದ್ಧ ಓದಿ ‘ಇದರಲ್ಲಿ ಭೀಮ ಬರ್ತಾನೆ, ವ್ಯಾಸರಿಗೆ ಈಸ್ಟರ್ ಎಗ್’ ಎಂದರೆ ಹೇಗಿರುತ್ತದೆ?

ಕ್ವೆಸ್ಟ್‌ಗಳ (ಆಟದಲ್ಲಿ ನಾವು ಮುಗಿಸಬೇಕಾದ ಕೆಲಸಗಳ) ಹೆಸರೂ ಹಾಗೇ. ‘ಸಿನ್ನರ್‌ಮ್ಯಾನ್’, ‘ರೈಡರ್ಸ್ ಆನ್ ದ ಸ್ಟಾರ್ಮ್’, ‘ಪಿರಮಿಡ್ ಸಾಂಗ್’, ಎಲ್ಲವೂ ಹಾಡುಗಳು. ತೆರೆಯ ಮೇಲೇ ಬರೆದು ತೋರಿಸುವುದನ್ನು ಅಡಗಿಸಿದ್ದು ಎನ್ನುವುದು ಹೇಗೆ? ಹಾಗಂತ ಸುಮ್ಮನೆ ಇಟ್ಟ ಹೆಸರುಗಳೂ ಅಲ್ಲ. ರೇಡಿಯೊಹೆಡ್‌ನ ‘ಪಿರಮಿಡ್ ಸಾಂಗ್’ ಶುರುವಾಗುವುದೇ ನದಿಗೆ ಹಾರುವುದರಿಂದ. ಆಟದಲ್ಲಿ ಜೂಡಿ ಎಂಬ ಗೆಳತಿಯ ಜೊತೆ ನೀರಿಗಿಳಿದು, ಮುಳುಗಿಹೋದ ಅವಳ ಬಾಲ್ಯದ ಊರನ್ನು ನೋಡುತ್ತೇವೆ. ಹಾಡು ಗೊತ್ತಿದ್ದವರಿಗೆ ದೃಶ್ಯ ಇನ್ನೊಂದು ಪದರ ತೆರೆಯುತ್ತದೆ. ಇದಕ್ಕೆ ನಮ್ಮ ಕಾವ್ಯಮೀಮಾಂಸೆಯಲ್ಲಿ ‘ಧ್ವನಿ’ (ಹೇಳದೆ ಹೊಳೆಯಿಸುವ ಅರ್ಥ) ಎಂಬ ಒಳ್ಳೆಯ ಪದವೇ ಇದೆ.

ಆಟದಲ್ಲಿ ನಮ್ಮ ಗೆಳೆಯನಾದ ಜ್ಯಾಕಿಯ ಗ್ಯಾರೇಜಿನಲ್ಲಿ ಸಿಗುವ ಹೆಮಿಂಗ್ವೆಯ ‘ಫಾರ್ ಹೂಮ್ ದ ಬೆಲ್ ಟೋಲ್ಸ್’ ಕಾದಂಬರಿಯೂ ಇದೇ ಜಾತಿ. (ಆಟ ಬಂದದ್ದು 2020ರ ಡಿಸೆಂಬರ್‌ನಲ್ಲಿ. ಸ್ಪಾಯ್ಲರ್ ಅಂತ ಈಗ ಜಗಳಕ್ಕೆ ಬರಬೇಡಿ.) ಸತ್ತ ಗೆಳೆಯನ ನೆನಪಿಗೆ ಇಡಲು ಒಂದು ವಸ್ತು ಆರಿಸಿಕೊಳ್ಳಬೇಕು. ಬ್ಯಾಸ್ಕೆಟ್‌ಬಾಲ್ ಇದೆ, ಹರಿದ ಬೆಲ್ಟ್ ಇದೆ, ಈ ಪುಸ್ತಕವೂ ಇದೆ. ವಾಪಸು ಬರುವುದು ಅನುಮಾನವೆಂದು ಗೊತ್ತಿದ್ದೂ ಸೇತುವೆ ಉರುಳಿಸಲು ಹೊರಟವನ ಕಥೆ ಅದು. ದೊಡ್ಡ ದರೋಡೆಗೆ ಹೋಗಿ ಸತ್ತ ಜ್ಯಾಕಿ ಅದನ್ನು ಓದಿಕೊಂಡಿದ್ದನಲ್ಲ ಎನಿಸಿದಾಗ ಎದೆಗೆ ನಾಟುತ್ತದೆ. ಇದನ್ನು ‘ಎಗ್ ನಂಬರ್ 12’ ಎಂದು ಎರಡು ಸೆಕೆಂಡಿನಲ್ಲಿ ಮುಗಿಸಿದ್ದಾರೆ. ಇಂಥದ್ದು ತಪ್ಪಿಹೋದರೆ ಕಥೆಯ ಒಂದು ತುಂಡೇ ತಪ್ಪಿಹೋದಂತೆ. ಈಸ್ಟರ್ ಎಗ್ ತಪ್ಪಿದರೆ ಕಥೆಗೆ ಏನೂ ಆಗುವುದಿಲ್ಲ.

ಆಟದ ಕೊನ್ಪೆಕಿ ಪ್ಲಾಜಾ ಹೋಟೆಲಿನ ಬಾರಿನಲ್ಲಿ ಜಪಾನಿನ ಗೇಮ್ ನಿರ್ದೇಶಕ ಹಿಡಿಯೊ ಕೊಜಿಮಾ ಮುಖದವನು ಕೂತಿರುವುದು ಕ್ಯಾಮಿಯೋ, ಮಾತು ಮುಗಿಯಿತು. ಡೆಲಮೇನ್ ಎಂಬ ಚಾಲಕನಿಲ್ಲದ ಟ್ಯಾಕ್ಸಿಗಳಲ್ಲಿ ಒಂದು ಇದ್ದಕ್ಕಿದ್ದಂತೆ ‘ಪೋರ್ಟಲ್’ ಆಟದ ಗ್ಲಾಡೋಸ್ ಎಂಬ ಕಂಪ್ಯೂಟರಿನ ದನಿಯಲ್ಲಿ, ಅದೇ ಕಲಾವಿದೆ ಎಲೆನ್ ಮೆಕ್ಲೇನ್ ಬಾಯಲ್ಲಿ, ಮಾತಾಡುವುದಕ್ಕೆ ಬೇಕಾದರೆ ಅರ್ಧ ಮೊಟ್ಟೆ ಕೊಡುತ್ತೇನೆ. ನಕ್ಷೆಯ ಗುರುತು ಹಿಡಿದು ಹೋದವರಿಗೆಲ್ಲ ಅದು ಸಿಗುತ್ತದೆ. ಆದರೆ ದನಿ ಕೇಳಿ ಬೆಚ್ಚುವವರು ಗೊತ್ತಿದ್ದವರು ಮಾತ್ರ.

ಪೂರ್ತಿ ಮೊಟ್ಟೆ ಬೇಕಾದರೆ ಒಂದು ಮಹಡಿಯ ತಾರಸಿಗೆ ಹತ್ತಿ. ನಕ್ಷೆಯಲ್ಲಿ ಗುರುತಿಲ್ಲ, ಯಾರೂ ಕಳಿಸುವುದಿಲ್ಲ, ಹೋದರೆ ಹಣವೂ ಇಲ್ಲ. ಅಲ್ಲೊಬ್ಬ ತಲೆ ತಗ್ಗಿಸಿ ಕೂತಿದ್ದಾನೆ, ಜೊತೆಗೊಂದು ಪಾರಿವಾಳ. 1982ರ ‘ಬ್ಲೇಡ್ ರನ್ನರ್’ ಸಿನಿಮಾದ ಕೊನೆಯಲ್ಲಿ ಹೀಗೇ ಕೂತು ಸಾಯುವವನನ್ನು ನೋಡಿದವರಿಗೆ ಅವನ ಪರಿಚಯ ಮಾಡಿಸಬೇಕಿಲ್ಲ. ಮಿಕ್ಕವರಿಗೆ ಅವನು ಸತ್ತ ಯಾರೋ ಒಬ್ಬ.

ಇನ್ನೊಂದು, ಊರಲ್ಲಿ ಅಲ್ಲಲ್ಲಿ ನಿಂತಿರುವ ಪ್ರತಿಮೆಗಳ ಮೇಲಿನ ‘ಎಫ್‌ಎಫ್:06:ಬಿ5’ ಎಂಬ ಬರಹ. ಕಂಪ್ಯೂಟರಿನ ಬಣ್ಣದ ಸಂಕೇತವೆಂದು ಓದಿದರೆ ಗಾಢ ಗುಲಾಬಿ. ಇದರ ಹಿಂದೆ ಬಿದ್ದವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. 2023ರ ಸೆಪ್ಟೆಂಬರ್‌ನ 2.0 ಅಪ್‌ಡೇಟ್‌ನಲ್ಲಿ ಹೊಸ ಸುಳಿವುಗಳು ಬಂದವು: ಹಾಳು ಚರ್ಚಿನಲ್ಲೊಂದು ಆರ್ಕೇಡ್ ಯಂತ್ರ, ಕೊನೆಗೆ ಬಹುಮಾನವಾಗಿ ಒಂದು ಗಾಡಿ. ಇನ್ನೂ ಏನೋ ಇದೆ ಎಂದು ಇವತ್ತಿಗೂ ಪ್ರತಿಮೆಯ ಸುತ್ತ ಸುತ್ತುವವರಿದ್ದಾರೆ.

ಮೂವತ್ತನ್ನೂ ಹೀಗೆ ಜರಡಿ ಹಿಡಿದು, ಉಳಿದದ್ದು ನಾಲ್ಕೇ ಎಂದು ಹುಡುಗನಿಗೆ ಬರೆದೆ. ಐದು ನಿಮಿಷ ಬಿಟ್ಟು ಉತ್ತರ ಬಂತು: ‘ಚಿಕ್ಕಪ್ಪ, ನಾಲ್ಕು ಅಂತ ಹಾಕಿದ್ರೆ ವಿಡಿಯೊ ಯಾರು ನೋಡ್ತಾರೆ?’