ಭೂಮಿಯಷ್ಟು ದೊಡ್ಡ ಟೆಲಿಸ್ಕೋಪ್ ನಿಜವಾಗಿಯೂ ಇದೆಯೇ?

ಪ್ರಶ್ನೆ: ಕಪ್ಪುಕುಳಿಯ ಚಿತ್ರವನ್ನು ಭೂಮಿಯಷ್ಟು ದೊಡ್ಡ ಟೆಲಿಸ್ಕೋಪ್ ತೆಗೆಯಿತು ಅಂತ ಓದಿದೆ. ಬೇರೆ ಬೇರೆ ಟೆಲಿಸ್ಕೋಪುಗಳ ಫೋಟೊಗಳನ್ನು ಒಂದರ ಮೇಲೊಂದು ಇಟ್ಟು ಜೋಡಿಸುತ್ತಾರಾ?

ಉತ್ತರ: ಇಲ್ಲ. ಜೋಡಿಸುವುದು ಫೋಟೊಗಳನ್ನಲ್ಲ, ಅಲೆಗಳನ್ನು.

ಟೆಲಿಸ್ಕೋಪ್ ಅಗಲವಾದಷ್ಟೂ ಚಿತ್ರ ಚೊಕ್ಕ. ಹಿಡಿಯುವ ಅಲೆ ಉದ್ದವಾದಷ್ಟೂ ಮಸುಕು. ಕಪ್ಪುಕುಳಿಯ ಚಿತ್ರಕ್ಕೆ ಹಿಡಿದದ್ದು ರೇಡಿಯೊ ಅಲೆಗಳನ್ನು; ಅವು ಕಣ್ಣಿಗೆ ಕಾಣುವ ಬೆಳಕಿಗಿಂತ ಸಾವಿರಾರು ಪಟ್ಟು ಉದ್ದ, ಎಷ್ಟೋ ಸಲ ಲಕ್ಷಾಂತರ ಪಟ್ಟು. ಹಾಗಾಗಿ ಒಂದೇ ಡಿಶ್ ಎಷ್ಟು ದೊಡ್ಡದಿದ್ದರೂ ಸಾಲುವುದಿಲ್ಲ.

ಆದರೆ ಆ ಅಗಲವನ್ನೆಲ್ಲ ಡಿಶ್‌ನಿಂದಲೇ ತುಂಬಬೇಕು ಅಂತೇನಿಲ್ಲ! ಎರಡು ಡಿಶ್‌ಗಳನ್ನು ದೂರ ದೂರ ಇಟ್ಟು ಆಕಾಶದ ಒಂದೇ ಕಡೆ ತಿರುಗಿಸಿದರೆ, ಅಲೆ ಒಂದನ್ನು ಮೊದಲು ಮುಟ್ಟುತ್ತದೆ, ಇನ್ನೊಂದನ್ನು ಚೂರು ತಡವಾಗಿ. ಆ ತಡವನ್ನು ಸರಿಪಡಿಸಿ ಎರಡನ್ನೂ ಸೇರಿಸಿದಾಗ ಅಲೆಗಳು ಎಷ್ಟರಮಟ್ಟಿಗೆ ಹೊಂದುತ್ತವೆ ಅನ್ನುವುದೇ ಆ ವಸ್ತುವಿನ ಆಕಾರದ ಬಗ್ಗೆ ಒಂದು ಸುಳಿವು. ಡಿಶ್‌ಗಳ ಅಂತರ ಜಾಸ್ತಿಯಾದಷ್ಟೂ ಸುಳಿವು ಸೂಕ್ಷ್ಮ. ಒಂದು ಜೋಡಿಯಿಂದ ಚಿತ್ರವಾಗದು, ಅಲ್ವಾ? ಅಮೆರಿಕದ ವಿಎಲ್‌ಎ ಅನ್ನುವ ರೇಡಿಯೊ ಟೆಲಿಸ್ಕೋಪಿನಲ್ಲಿ 27 ಡಿಶ್‌ಗಳಿವೆ, ಅಂದರೆ 351 ಜೋಡಿಗಳು. ಭೂಮಿ ತಿರುಗಿದಂತೆ ಪ್ರತಿ ಜೋಡಿಯ ದಿಕ್ಕೂ ಬದಲಾಗಿ ಹೊಸ ಸುಳಿವು ಸಿಗುತ್ತಲೇ ಇರುತ್ತದೆ. ಈ ವಿಧಾನ ಬೆಳೆಸಿದ ಮಾರ್ಟಿನ್ ರೈಲ್ ಅವರಿಗೆ 1974ರಲ್ಲಿ ನೊಬೆಲ್ ಬಂತು. ಅದಕ್ಕೆ ಪೂರ್ತಿ ತಕ್ಕ ಕೆಲಸ ಅದು.

ಕಪ್ಪುಕುಳಿಯ ಚಿತ್ರಕ್ಕಾಗಿ 2017ರ ಏಪ್ರಿಲ್‌ನಲ್ಲಿ ಖಂಡಾಂತರ ದೂರದ ಟೆಲಿಸ್ಕೋಪುಗಳು ಒಟ್ಟಿಗೆ ದುಡಿದವು. ಅವುಗಳ ನಡುವೆ ತಂತಿ ಎಳೆಯಲಾಗದು. ಪ್ರತಿ ಕಡೆಯೂ ಪರಮಾಣು ಗಡಿಯಾರದ ಸಮಯದೊಂದಿಗೆ ಅಲೆಗಳನ್ನು ಹಾರ್ಡ್ ಡಿಸ್ಕ್‌ಗೆ ತುಂಬಿಕೊಂಡರು. ಮಾಹಿತಿ ಎಷ್ಟಿತ್ತೆಂದರೆ ಇಂಟರ್ನೆಟ್ ಬಿಟ್ಟು ಡಿಸ್ಕ್‌ಗಳನ್ನೇ ವಿಮಾನದಲ್ಲಿ ಸಾಗಿಸಿದರು. ದಕ್ಷಿಣ ಧ್ರುವದ ಡಿಸ್ಕ್‌ಗಳಂತೂ ಅಲ್ಲಿನ ಚಳಿಗಾಲ ಮುಗಿಯುವವರೆಗೆ ಕಾಯಬೇಕಾಯಿತು.

ಕಣ್ಣಿಗೆ ಕಾಣುವ ಬೆಳಕನ್ನು ಹೀಗೆ ಹಿಡಿದಿಟ್ಟು ಆಮೇಲೆ ಸೇರಿಸಲು ಆಗುವುದಿಲ್ಲ, ಅದರ ಅಲೆಗಳು ಅಷ್ಟು ಚುರುಕು. ಬೆಳಕನ್ನೇ ತಂದು ಆಗಲೇ ಸೇರಿಸಬೇಕು. ಚಿಲಿಯ ಪರನಾಲ್‌ನಲ್ಲಿ 8.2 ಮೀಟರ್ ಅಗಲದ ನಾಲ್ಕು ಟೆಲಿಸ್ಕೋಪುಗಳ ಬೆಳಕನ್ನು ಸುರಂಗಗಳ ಮೂಲಕ, ಹಳಿಯ ಮೇಲೆ ಸರಿಯುವ ಕನ್ನಡಿಗಳಿಂದ ಒಂದುಗೂಡಿಸುತ್ತಾರೆ.

ಒಂದು ಮಾತು ನೆನಪಿಡಿ. "ಭೂಮಿಯಷ್ಟು ದೊಡ್ಡದು" ಅನ್ನುವುದು ವಿವರ ಕಾಣುವ ಶಕ್ತಿಯ ಮಟ್ಟಿಗೆ ಮಾತ್ರ ನಿಜ. ಸಿಗುವ ಬೆಳಕು ಇರುವ ಡಿಶ್‌ಗಳು ಹಿಡಿಯುವಷ್ಟೇ. ನಡುವೆ ಖಾಲಿ ಜಾಗವೂ ಬೇಕಾದಷ್ಟು, ಅದನ್ನು ಲೆಕ್ಕಾಚಾರದಿಂದ ತುಂಬಬೇಕು. ಹಾಗಾದರೆ ಚಿತ್ರವನ್ನು ನಂಬುವುದು ಹೇಗೆ? ಎಂ87 ಅನ್ನುವ ಗ್ಯಾಲಕ್ಸಿಯ ಕಪ್ಪುಕುಳಿಯ ವಿಷಯದಲ್ಲಿ ನಾಲ್ಕು ತಂಡಗಳು ಒಬ್ಬರಿಗೊಬ್ಬರು ತೋರಿಸದೆ ಬೇರೆ ಬೇರೆಯಾಗಿ ಚಿತ್ರ ಕಟ್ಟಿದವು. ನಾಲ್ಕರಲ್ಲೂ ಬಂದಿದ್ದು ಒಂದೇ: ದಕ್ಷಿಣದ ಕಡೆ ಹೆಚ್ಚು ಹೊಳೆಯುವ ಉಂಗುರ.