ಬಾವಿ ಬತ್ತಿದಾಗ ಕ್ರೈಸ್ತ ನಿರೀಕ್ಷೆಯ ಅರ್ಥವೇನು?

ಪ್ರಶ್ನೆ: ನಮ್ಮದು ಕೋಲಾರ ತಾಲ್ಲೂಕಿನ ರೈತ ಕುಟುಂಬ. ಕೊಳವೆಬಾವಿ ಬತ್ತಿದೆ, ಟೊಮೆಟೊ ಬೆಲೆ ಬಿದ್ದು ಸಾಲ ಹಾಗೇ ಉಳಿದಿದೆ. ‘ವಿಶ್ವಾಸವಿಡಿ, ಬೇಗನೆ ಎಲ್ಲವೂ ಸರಿಹೋಗುತ್ತದೆ’ ಎಂದು ಪ್ರಾರ್ಥನಾ ಕೂಟದವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನನ್ನ ನಂಬಿಕೆ ಕುಂದಿದೆಯೇ?

ಉತ್ತರ: ಕುಂದಿಲ್ಲ. ‘ಬೇಗನೆ’ ಎಂಬ ಭರವಸೆಯನ್ನು ಸತ್ಯವೇದವೇ (ಬೈಬಲ್) ಅನುಮಾನದಿಂದ ನೋಡುತ್ತದೆ. ಯೆಹೂದ್ಯರ ಮೇಲಿದ್ದ ಬಾಬೆಲ್ ಸಾಮ್ರಾಜ್ಯದ ನೊಗ ಎರಡೇ ವರ್ಷಗಳಲ್ಲಿ ಮುರಿಯುತ್ತದೆಂದು ಹನನ್ಯನೆಂಬವನು ಯೆರೂಸಲೇಮಿನ ದೇವಾಲಯದಲ್ಲಿ ಸಾರಿದಾಗ ಜನರಿಗೆ ಅದು ಹಿತವಾಗಿಯೇ ಕೇಳಿಸಿರಬೇಕು. ಆದರೆ ಅದು ಸುಳ್ಳು ಪ್ರವಾದನೆಯಾಗಿತ್ತು. ಪ್ರವಾದಿ ಯೆರೆಮೀಯನು ಬಾಬೆಲಿಗೆ ಸೆರೆಹೋದವರಿಗೆ ಬರೆದದ್ದು ಎಪ್ಪತ್ತು ವರ್ಷಗಳ ಲೆಕ್ಕ: ಮನೆ ಕಟ್ಟಿರಿ, ತೋಟ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ. ನಮ್ಮ ಮನೆಗಳ ಕ್ಯಾಲೆಂಡರುಗಳಲ್ಲಿ ಅಚ್ಚಾಗುವ, ದೇವರ ಯೋಜನೆಗಳು ಹಿತಕ್ಕಾಗಿಯೇ ಎನ್ನುವ ವಚನವೂ ಅದೇ ಪತ್ರದ್ದು. ಎಪ್ಪತ್ತು ವರ್ಷಗಳ ಮಾತನ್ನು ಮಾತ್ರ ಯಾರೂ ಅಚ್ಚು ಹಾಕಿಸುವುದಿಲ್ಲ.

ಜಮೀನು ನಂಬಿ ಬದುಕುವ ನಿಮಗೆ ಯೆರೆಮೀಯನ ಗ್ರಂಥದ 32ನೆಯ ಅಧ್ಯಾಯ ಇನ್ನೂ ಹತ್ತಿರವಾದೀತು. ಯೆರೂಸಲೇಮಿಗೆ ಶತ್ರುಸೈನ್ಯ ಮುತ್ತಿಗೆ ಹಾಕಿದೆ, ಯೆರೆಮೀಯನು ಕಾವಲಿನಲ್ಲಿದ್ದಾನೆ, ಊರು ಬೀಳುವುದು ಖಚಿತವೆಂದು ಸ್ವತಃ ಅವನೇ ಸಾರಿದ್ದಾನೆ. ಅಂಥ ಹೊತ್ತಿನಲ್ಲಿ ದೇವರ ಮಾತಿನಂತೆ ಅನಾತೋತಿನಲ್ಲಿರುವ ಬಂಧುವಿನ ಹೊಲವನ್ನು 17 ಶೆಕೆಲ್ ಬೆಳ್ಳಿಗೆ ಕೊಂಡು, ಸಾಕ್ಷಿಗಳ ಮುಂದೆ ಕ್ರಯಪತ್ರಕ್ಕೆ ಮುದ್ರೆ ಹಾಕಿಸಿ, ಅದು ಬಹುಕಾಲ ಉಳಿಯಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಅವನಿಗೆ ಅದರ ಅರ್ಥ ಪೂರ್ತಿಯಾಗಿ ತಿಳಿದಿತ್ತೆಂದುಕೊಳ್ಳಬೇಡಿ. ಪತ್ರ ಮುಗಿದ ಮೇಲೆಯೇ ಅವನು ಪ್ರಾರ್ಥನೆಗೆ ಕೂತು, ಊರು ಶತ್ರುವಿನ ಪಾಲಾಗುತ್ತಿರುವಾಗ ಹೊಲ ಕೊಳ್ಳೆಂದು ಹೇಳಿದೆಯಲ್ಲಾ ಎಂದು ದೇವರ ಮುಂದೆ ತನ್ನ ಗೊಂದಲವನ್ನು ತೋಡಿಕೊಳ್ಳುತ್ತಾನೆ. ನಿರೀಕ್ಷೆಯೂ ಗೊಂದಲವೂ ಒಬ್ಬನೇ ಮನುಷ್ಯನಲ್ಲಿ, ಒಂದೇ ದಿನ, ಜೊತೆಗಿರಬಲ್ಲವು. ಕಾಣದಿರುವುದನ್ನು ತಾಳ್ಮೆಯಿಂದ ಎದುರುನೋಡುವುದೇ ನಿರೀಕ್ಷೆ ಎಂದು ಪೌಲನು ರೋಮಾಪುರದವರಿಗೆ ಬರೆದದ್ದೂ ಇದನ್ನೇ.

ಆದ್ದರಿಂದ ಕೂಟದಲ್ಲಿ ನಗುಮುಖ ತೋರಿಸಲೇಬೇಕೆಂಬ ಕಟ್ಟುಪಾಡಿಲ್ಲ. 13ನೆಯ ಕೀರ್ತನೆ ‘ಎಷ್ಟರವರೆಗೆ’ ಎಂದು ಮತ್ತೆ ಮತ್ತೆ ಕೇಳುತ್ತದೆ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಅವನ್ನು ಗಟ್ಟಿಯಾಗಿ ಓದಿ, ನಿಮ್ಮ ಸಭಾಪಾಲಕರೊಂದಿಗೂ ಓದಿ.

ಸಾಲದ ಮಾತನ್ನು ಮನೆಯವರಿಂದ ಮುಚ್ಚಿಡಬೇಡಿ. ಬ್ಯಾಂಕಿಗೆ ಹೋಗಿ ಮರುಪಾವತಿಯ ಅವಧಿ ವಿಸ್ತರಿಸಲು ಸಾಧ್ಯವೇ ಎಂದು ವಿಚಾರಿಸಿ. ನಿದ್ರೆ ಬಾರದೆ, ಬದುಕೇ ಬೇಡವೆನಿಸಿದರೆ ಪ್ರಾರ್ಥನೆಯ ಜೊತೆಗೆ ವೈದ್ಯರನ್ನೂ ಕಾಣಿ. ನೂರು ವರ್ಷಗಳಿಗೂ ಹಿಂದೆ ಮೆಥೊಡಿಸ್ಟ್ ಮಿಷನರಿಗಳು ಕೋಲಾರದಲ್ಲಿ ಇ.ಟಿ.ಸಿ.ಎಂ. ಆಸ್ಪತ್ರೆಯನ್ನು ಕಟ್ಟಿದಾಗ ಔಷಧಿಯನ್ನು ವಿಶ್ವಾಸದ ಎದುರಾಳಿಯೆಂದು ಎಣಿಸಿರಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.